ಹೆಚ್ಚಾಗಿದ್ದ ಚರ್ಮ

“ಚರ್ಮ ತಾನೇ ಬೇಕಾಗಿರೋದು? ನನ್ ಹತ್ರ ಇದೆ,” ಎಂದಳು ಅಕ್ಕ.

ಸುಟ್ಟಗಾಯದ ವಾರ್ಡಿನ ಬಾಗಿಲಲ್ಲಿ ನಿಂತಿದ್ದ ಡಾಕ್ಟರಮ್ಮ ಮಾಸ್ಕ್ ಕೆಳಗೆಳೆದು ಅವಳನ್ನು ನೋಡಿದರು. ಒಳಗೆ ತಮ್ಮ ಬೋರಲು ಮಲಗಿದ್ದ. ಅವನು ಕೆಲಸಕ್ಕಿದ್ದ ಲಾಂಡ್ರಿಯ ಬಾಯ್ಲರಿನ ಪೈಪು ಒಡೆದು, ನುಗ್ಗಿ ಬಂದ ಹಬೆ ಅವನನ್ನು ಹೆಗಲಿನಿಂದ ಮೀನಖಂಡದವರೆಗೆ ಬೇಯಿಸಿಬಿಟ್ಟಿತ್ತು. ನಂಜೇರುವ ಮುಂಚೆ ಗಾಯವನ್ನು ಮುಚ್ಚಬೇಕು. ಅವನದೇ ಒಳ್ಳೆಯ ಚರ್ಮ ತೆಗೆದರೆ ಅರ್ಧಕ್ಕೂ ಸಾಲದು. ಸತ್ತವರು ದಾನ ಕೊಟ್ಟ ಚರ್ಮ ದಾಸ್ತಾನಿನಲ್ಲಿ ಖಾಲಿ. ಇಷ್ಟನ್ನು ಡಾಕ್ಟರಮ್ಮ ಆಗಷ್ಟೇ ಹೇಳಿ ಮುಗಿಸಿದ್ದರು.

“ಬದುಕಿರೋರ ಮೈಯಿಂದ ಅಷ್ಟೊಂದು ತೆಗೆಯೋಕಾಗಲ್ಲಮ್ಮ. ನಿಮಗೂ ಅಷ್ಟೇ ದೊಡ್ಡ ಗಾಯ ಆಗತ್ತೆ.”

ಅಕ್ಕ ವಾದ ಮಾಡಲಿಲ್ಲ. ಡಾಕ್ಟರಮ್ಮನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ, ಬಾಗಿಲಿಗೆ ಚಿಲಕ ಹಾಕಿ, ಅಂಗಿ ಮೇಲೆತ್ತಿದಳು. ಹೊಟ್ಟೆಯ ಚರ್ಮ, ಅವಳು ಬೇಕರಿ ಕೆಲಸಕ್ಕೆ ಕಟ್ಟಿಕೊಳ್ಳುವ ಏಪ್ರನ್ನಿನಂತೆ ತೊಡೆಯ ಮೇಲಕ್ಕೆ ಇಳಿಬಿದ್ದಿತ್ತು. ಗಂಡನೆದುರು ಕೂಡ ದೀಪ ಆರಿಸದೆ ಬಟ್ಟೆ ಬದಲಿಸದವಳು ಟ್ಯೂಬ್‌ಲೈಟಿನ ಕೆಳಗೆ ಹಾಗೇ ನಿಂತಳು.

ಎರಡು ವರ್ಷದ ಹಿಂದೆ ಅವಳು ಈಗಿನ ಎರಡರಷ್ಟಿದ್ದಳು. ಹಿಟ್ಟು ನಾದುವ ಮೇಜಿನ ಹಿಂದೆ ಅವಳು ತಿರುಗಬೇಕಾದರೆ ಉಳಿದವರು ಹೊರಗೆ ಬರಬೇಕಿತ್ತು. ತೂಕ ಇಳಿಸುವ ಹಟ ಅವಳದು, ಮೇಸ್ತ್ರಿಕೆ ತಮ್ಮನದು. “ಅವಸರ ಬೇಡ ಅಕ್ಕ. ದಡಬಡ ಇಳಿಸಿದ್ರೆ ಚರ್ಮ ಜೋತುಬೀಳತ್ತೆ. ಅದಕ್ಕೂ ಹಿಂದಕ್ಕೆ ಸರಿಯೋಕೆ ಟೈಮ್ ಬೇಕಲ್ಲ?” ಎಂದು ಎಲ್ಲೆಲ್ಲೋ ಓದಿಕೊಂಡು ಬಂದು ಹೇಳುತ್ತಿದ್ದ. ಮೊಟ್ಟೆ, ಬೇಳೆ ಬಿಡುವಂತಿಲ್ಲ. ನೀರು ಕುಡಿಯುತ್ತಿರಬೇಕು. ಬರೀ ನಡೆದರೆ ಸಾಲದು, ಭಾರ ಎತ್ತಬೇಕು. ಒಳಗೆ ಮಾಂಸ ಗಟ್ಟಿಯಾದರೆ ಮೇಲಿನದು ತಕ್ಕಮಟ್ಟಿಗೆ ಬಿಗಿಯುತ್ತದೆ. ಅಕ್ಕ ಎಲ್ಲ ಮಾಡಿದಳು. ತೋಳು ಅವನ ಮಾತು ಕೇಳಿತು, ತೊಡೆ ಕೇಳಿತು, ಹೊಟ್ಟೆ ಮಾತ್ರ ಕೇಳಲಿಲ್ಲ. ಬಸಿರು ಬಾಣಂತನ, ಅದರ ಮೇಲೆ ಅಷ್ಟು ವರ್ಷದ ಬೊಜ್ಜು; ಹಿಗ್ಗಿದ್ದು ಹಿಗ್ಗಿದಂತೆಯೇ ಉಳಿಯಿತು. ತಪ್ಪು ತನ್ನದೇ ಎಂಬಂತೆ ತಮ್ಮ ಮುಖ ಸಣ್ಣ ಮಾಡಿಕೊಂಡ. ಕೊನೆಗೆ ಆಪರೇಷನ್ ಮಾಡಿಸಿ ತೆಗೆಸುವುದೆಂದಾಯಿತು. ಇದೇ ಆಸ್ಪತ್ರೆಯಲ್ಲಿ ಪರೀಕ್ಷೆಗಳೆಲ್ಲ ಮುಗಿದು, ಕರೆಗಾಗಿ ಕಾಯುತ್ತಿದ್ದಾಗ ಬಂದದ್ದು ಲಾಂಡ್ರಿಯ ಫೋನು.

“ಮೇಲಿನ ಮಹಡಿಯವರು ಇದನ್ನ ಹೇಗಿದ್ರೂ ತೆಗೀತಾರೆ ಡಾಕ್ಟ್ರೇ. ತೆಗೆದು ಬಿಸಾಕೋದನ್ನ ಅವನ ಮೇಲೆ ಹಾಕಿ.”

ಡಾಕ್ಟರಮ್ಮ ಬಗ್ಗಿ, ಆ ಚರ್ಮವನ್ನು ಎರಡೂ ಕೈಯಲ್ಲಿ ಹಿಡಿದು ಹರವಿದರು. ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಆಮೇಲೆ ಕಳ್ಳಗಣ್ಣಿನಿಂದ ನೋಡಿದಳು. ಹೇಸಿಗೆ ಇರಲಿಲ್ಲ ಆ ಮುಖದಲ್ಲಿ. ಕೈಗೆ ಏನು ಸಿಕ್ಕಿದೆಯೆಂದು ನಂಬಲಾಗದವರ ಹಾಗೆ ಡಾಕ್ಟರಮ್ಮ ಬೆರಳಿಂದ ಅಳೆಯುತ್ತಿದ್ದರು.

“ಬೆನ್ನಿನ ಬಹುಪಾಲು ಮುಚ್ಚತ್ತೆ,” ಎಂದರು ಮೆಲ್ಲಗೆ. “ಕಾಲಿಗೆ ಅವರದೇ ಹಾಕಬಹುದು. ಆದ್ರೆ ಒಂದು ಹೇಳ್ತೀನಿ, ಇದು ಕೆಲವೇ ವಾರ. ಆಮೇಲೆ ಇದು ತನ್ನದಲ್ಲ ಅಂತ ಅವರ ಮೈಗೆ ಗೊತ್ತಾಗತ್ತೆ, ಕಳಚಿ ಹಾಕತ್ತೆ. ಅಷ್ಟರಲ್ಲಿ ತೆಗೆದ ಕಡೆ ಅವರ ಸ್ವಂತ ಚರ್ಮ ಮತ್ತೆ ಬೆಳೆದಿದ್ರೆ, ಸ್ವಲ್ಪ ಸ್ವಲ್ಪ ತೆಗೆದು ಅಲ್ಲಿಗೆ ಹಾಕ್ತೀವಿ.”

“ಆ ಕೆಲವು ವಾರ ಉಳಿಸಿಕೊಡಿ ಸಾಕು. ಮಿಕ್ಕಿದ್ದು ಅವನು ನೋಡ್ಕೋತಾನೆ, ಮಹಾ ಹಟಮಾರಿ.”

ಮರುದಿನವೇ ಎರಡು ಟೇಬಲ್ಲುಗಳ ಮೇಲೆ ಎರಡು ಆಪರೇಷನ್ ನಡೆದವು. ಅವಳಿಂದ ತೆಗೆದದ್ದನ್ನು ತೆಳ್ಳಗೆ ಹೆರೆದು ಅವನಿಗೆ ಹೊದಿಸಿದರು.

ಬ್ಯಾಂಡೇಜು ಬಿಚ್ಚುವ ದಿನ ಅಕ್ಕನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ವಾರ್ಡಿಗೆ ತಂದರು. ನೆಟ್ಟಗೆ ಕೂತರೆ ಹೊಟ್ಟೆಯ ಹೊಲಿಗೆ ಎಳೆಯುತ್ತಿತ್ತು. ತಮ್ಮ ಬೋರಲಾಗಿಯೇ ಇದ್ದ. ಜ್ವರ ಇಳಿದಿತ್ತು, ಬಾಯಿ ಜೋರಾಗಿತ್ತು.

“ಬಂದ್ಯಾ ಅಕ್ಕ? ಹೇಗಿದೆ ಅಂತ ನೀನಾದ್ರೂ ಹೇಳು. ಇವರನ್ನ ಕೇಳಿದ್ರೆ ಬರೀ ಚೆನ್ನಾಗಿದೆ ಅಂತಾರೆ.”

ಡಾಕ್ಟರಮ್ಮ ಕೊನೆಯ ಪದರವನ್ನು ನೀರು ಹನಿಸಿ ಎತ್ತಿದರು. ಅಕ್ಕ ನೋಡಿದಳು. ಕೀವಿಲ್ಲ, ಕಪ್ಪಿಲ್ಲ. ಅವನ ಅಗಲವಾದ ಬೆನ್ನಿನ ತುಂಬ ತುಂಡುತುಂಡಾಗಿ ಅವಳು ಹರಡಿಕೊಂಡಿದ್ದಳು. ಒಂದೆರಡು ಕಡೆ ಅವಳ ಬಸಿರಿನ ಗೆರೆಗಳು ಕೂಡ ಮಸುಕಾಗಿ ಕಾಣುತ್ತಿದ್ದವು, ಗಂಡಸಿನ ಬೆನ್ನ ಮೇಲೆ. ನೋಡಲು ನಾಚಿಕೆಯಾಗಬೇಕಿತ್ತು. ಆಗಲಿಲ್ಲ.

“ಇಲ್ನೋಡಿ,” ಎಂದು ಡಾಕ್ಟರಮ್ಮ ಗ್ಲೌಸಿನ ಬೆರಳಿಂದ ಒಂದು ಕಡೆ ಮೆತ್ತಗೆ ಒತ್ತಿದರು. ಚರ್ಮ ಬಿಳಿಚಿತು. ಬೆರಳು ತೆಗೆದರು. ಬಿಳಿಚಿದ ಜಾಗಕ್ಕೆ ಅಂಚಿನಿಂದ ನಡುವಿಗೆ ನಿಧಾನವಾಗಿ ಕೆಂಪು ತುಂಬಿಕೊಂಡಿತು.

“ಅವರ ರಕ್ತ,” ಎಂದರು ಡಾಕ್ಟರಮ್ಮ. “ನಿಮ್ಮ ಚರ್ಮದೊಳಗೆ ದಾರಿ ಹುಡುಕಿಕೊಂಡಿದೆ.”

“ಹೇಳಕ್ಕಾ, ಅಷ್ಟು ಕೆಟ್ಟದಾಗಿದೆಯಾ?”

ಅಕ್ಕ ಕುರ್ಚಿಯ ಹಿಡಿ ಹಿಡಿದು ನೋವನ್ನೂ ಲೆಕ್ಕಿಸದೆ ಮುಂದಕ್ಕೆ ಬಾಗಿದಳು.

“ಇನ್ನೊಂದು ಸಲ ಒತ್ತಿ ಡಾಕ್ಟ್ರೇ.”