ಜಪಾನಿನಾಕೆಯ ಮಡಿ

"ಕೈ ಮ್ಯಾಲೆತ್ರಿ ಅಮ್ಮಾರ, ಕಿವಿತನಕ ಬರ್ಲಿ," ಎಂದಳು ಫಿಜಿಯೋಥೆರಪಿಯ ಪಂಪಾವತಿ. ಸರಸ್ವತಿಬಾಯಿಯ ಬಲಗೈ ಎದೆಮಟ್ಟಕ್ಕೆ ಬಂದು ಮೊಂಡು ಎತ್ತಿನ ಹಾಗೆ ನಿಂತುಬಿಟ್ಟಿತು.

ಬಚ್ಚಲಲ್ಲಿ ಜಾರಿ ಬಿದ್ದಾಗಿನಿಂದ ಭುಜ ಬಿಗಿದುಕೊಂಡಿತ್ತು. ನೋವನ್ನು ಹೇಗೋ ನುಂಗಿಯಾರು; ಆದರೆ ಒಗೆದ ಸೀರೆಯನ್ನು ಕೋಲಿನಿಂದೆತ್ತಿ, ಯಾರ ಕೈಗೂ ನಿಲುಕದ ಬಿದಿರು ಗಳದ ಮೇಲೆ ಹರವದಿದ್ದರೆ ಮಡಿ ಎಲ್ಲಿಂದ ಬರಬೇಕು? ಮಡಿಯಿಲ್ಲದೆ ದೇವರಿಗೆ ನೈವೇದ್ಯವಿಲ್ಲ, ನೈವೇದ್ಯವಿಲ್ಲದೆ ಅವರಿಗೆ ಅನ್ನವಿಲ್ಲ. ಬರೀ ಹಾಲು, ಬಾಳೆಹಣ್ಣಿನ ಮೇಲಿದ್ದು ಕೆನ್ನೆ ಒಳಕ್ಕೆ ಹೋಗಿತ್ತು. ಸೊಸೆ ವರದಾ, "ನಾನೇ ಸ್ನಾನ ಮಾಡಿ ಮಡಿ ಹಾಕಿಕೊಡ್ತೀನಿ" ಎಂದರೆ, "ನಿನ್ನ ಕೈಯಾಗ ಮೊಬೈಲ್ ಇರ್ತದವಾ, ಅದಕ್ಕ ಮಡಿ ಉಡಸೋರು ಯಾರು?" ಎಂದು ಬಾಯಿ ಮುಚ್ಚಿಸುತ್ತಿದ್ದರು. ಸಿರುಗುಪ್ಪ ರಸ್ತೆಯ ಈ ಫಿಜಿಯೋಥೆರಪಿ ಕೋಣೆಗೆ ಬಂದು ಹೋದಾಗಲೂ ಅಷ್ಟೆ, ಪಂಪಾವತಿ ಮುಟ್ಟಿದಳೆಂದು ಮನೆಯಲ್ಲಿ ಮತ್ತೆ ತಲೆಮೇಲೆ ನೀರು. ಅದು ಪಂಪಾವತಿಗೂ ಗೊತ್ತಿತ್ತು.

"ಏನವಾ ತಂಗಿ, ಆ ಗ್ವಾಡಿ ಮ್ಯಾಲಿನಾಕಿ ಯಾವ ಊರಾಕಿ? ಮಡಿ ಹಾಕ್ಲಿಕ್ಕತ್ತಾಳಲ್ಲ!" ಎಂದರು ಸರಸ್ವತಿಬಾಯಿ.

ಹಳೇ ಕ್ಯಾಲೆಂಡರಿನಿಂದ ಕತ್ತರಿಸಿ ಅಂಟಿಸಿದ ಚಿತ್ರಗಳು. ಒಬ್ಬಳು ಕೊಡೆ ಎತ್ತಿ ಹಿಡಿದಿದ್ದಳು, ಒಬ್ಬಳು ತುರುಬಿಗೆ ಬಾಚಣಿಗೆ ಸಿಕ್ಕಿಸುತ್ತಿದ್ದಳು, ಇನ್ನೊಬ್ಬಳು ಬಿದಿರು ಕೋಲಿನಿಂದ ಒದ್ದೆ ಬಟ್ಟೆಯನ್ನು ಎತ್ತರದ ಗಳಕ್ಕೇರಿಸುತ್ತಿದ್ದಳು.

"ಜಪಾನದಾಕಿ ಅಮ್ಮಾರ. ಅವರ ಕಡಿ ಹಿಂದಕ ಮರದ ಹಲಗಿ ಕೆತ್ತಿ, ಬಣ್ಣ ಹಚ್ಚಿ ಹಾಳಿ ಮ್ಯಾಲೆ ಇಂಥಾ ಚಿತ್ರ ಒತ್ತತಿದ್ರಂತ. ಎಲ್ಲಾ ಕೈ ಎತ್ತೋ ಕೆಲಸನ ಐತಿ ನೋಡ್ರಿ, ಅದಕ್ಕ ಇಲ್ಲಿ ಹಚ್ಚೀನಿ."

"ಕೋಲು ಹಿಡದಿದ್ದು ಬರೋಬ್ಬರಿ ಅದ. ಆದ್ರ ಆ ಕೂಸು, ಅಂಗಿ ತೊಟ್ಟು ಆಕಿ ಸೆರಗು ಹಿಡದದಲ್ಲ! ಬರಿಮೈಲೆ ಇದ್ರ ನಡೀತಿತ್ತು, ಈಗ ಮೈಲಿಗಿ ಆತಲ್ಲ!"

ಪಂಪಾವತಿ ನಗುತ್ತ, ಟವೆಲ್ಲೊಂದನ್ನು ಒದ್ದೆಮಾಡಿ ವ್ಯಾಯಾಮದ ಕೋಲಿಗೇರಿಸಿ ಅವರ ಕೈಗಿತ್ತಳು. ಕಿಟಕಿ ಪರದೆಯ ಸರಳು ತೋರಿಸಿ, "ನೀವೂ ಹಾಕ್ರಿ ಮತ್ತ. ಆಕಿಗಿಂತ ನೀವೇನು ಕಮ್ಮಿ?" ಎಂದಳು.

ಕೋಲು ಎದೆಗೆ ಬಂತು, ಗದ್ದಕ್ಕೆ ಬಂತು. ಅಲ್ಲಿಂದ ಮೇಲೇಳಲಿಲ್ಲ. ಸರಸ್ವತಿಬಾಯಿ ಕಣ್ಣು ಮುಚ್ಚಿದರು. ಪಂಪಾವತಿಯ ಅಂಗೈ ಮೊಣಕೈಯ ಕೆಳಗೆ ಬಂದು ನಿಂತಿತು, ಅವರು ಬೇಡವೆನ್ನಲಿಲ್ಲ. ಟವೆಲ್ಲು ಸರಳಿನ ಮೇಲೆ ಬಿದ್ದು ಇಬ್ಬರ ಮೇಲೂ ತೊಟ್ಟಿಕ್ಕಿತು.

"ಬಂತಲ್ರಿ ಕೈ! ಮತ್ತ, ಇವತ್ತೂ ಮನಿಗೆ ಹೋಗಿ ಸ್ನಾನ ಮಾಡಾಕ ಬೇಕೇನು?"

ಸರಸ್ವತಿಬಾಯಿ ಜಪಾನಿನಾಕೆಯ ಕಡೆ ತಿರುಗಿದರು. ಗೋಡೆಯ ಮೇಲೆ ಕೂಸು ಸೆರಗನ್ನು ಬಿಗಿಯಾಗಿ ಹಿಡಿದೇ ಇತ್ತು.

"ಮೊದ್ಲು ಆಕಿನ್ನ ಕೇಳು," ಎಂದರು, "ಆಕಿ ಸ್ನಾನ ಮಾಡ್ಯಾಳೇನಂತ."