ಮೆಣಸಿನಕಾಯಿ ಜೊತೆ ಒಣಗಿದ ಬೂಟು

ಮಗಳ ಬೂಟಿನ ನೀರಿನ ಕಲೆಗೆಂದು ಅಂಗಡಿಯವ ನೂರಿಪ್ಪತ್ತು ಹೇಳಿದ ಎಣ್ಣೆಯನ್ನು ಎಂಬತ್ತಕ್ಕೆ ಕೊಂಡು ತಂದೆ. ಹೊಸ ಬೂಟಿಗೆ ದುಡ್ಡು ಸುರಿಯುವವ ನಾನಲ್ಲ. ಒದ್ದೆ ಚರ್ಮದ ವಾಸನೆಗೆ ಗಬ್ಬೂರಿನ ನಮ್ಮ ಮನೆಯ ಮಾಳಗಿ, ಆ ಮಣ್ಣಿನ ಚಾವಣಿ, ನೆನಪಾಯಿತು.

ನಾನು ಸಣ್ಣವನಿದ್ದಾಗ ಅಪ್ಪನಿಗೆ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಕಾವಲಿನ ಕೆಲಸ ಸಿಗುವುದಿತ್ತು. ಬೂಟು ಹಾಕಿಕೊಂಡೇ ಬಾ ಅಂದಿದ್ದರು. ಹೋಗುವ ಹಿಂದಿನ ದಿನವೇ ಅವು ಕಾಲುವೆಯಲ್ಲಿ ನೆನೆದವು. ಅಜ್ಜಿ ಅವನ್ನು ಮಾಳಗಿ ಮೇಲೆ ಮೆಣಸಿನಕಾಯಿ ನಡುವೆ ಉರಿಬಿಸಿಲಿಗಿಟ್ಟಳು. ಸಂಜೆಗೆ ಹಪ್ಪಳದಂತೆ ಸೆಟೆದಿದ್ದವು. ನೀರಿನ ಕಲೆಯೂ ಹಾಗೇ ಇತ್ತು.

"ಬೂಟೇನು ಮೆಣಸಿನಕಾಯೇನ, ಯವ್ವಾ?" ಅಪ್ಪ ಸಿಡುಕಿದ.

"ನೆರಳಾಗ ಇಟ್ರ ಯಾವ ವಸ್ತು ಒಣಗ್ಯಾದ, ಹೇಳಲೇ!"

ಮರುದಿನ ಅವನ್ನೇ ಮೆಟ್ಟಿಕೊಂಡು ಹೋದ ಅಪ್ಪ, ಬೂಟು ಕೈಯಲ್ಲಿ ಹಿಡಿದು ಕುಂಟುತ್ತ ಬಂದ. ಕೆಲಸ ಸಿಕ್ಕಿತ್ತು.

"ನೋಡು, ನಾ ಒಣಗಿಸಿದ್ದಕ್ಕ ಸಿಕ್ತು" ಅಂದಳು ಅಜ್ಜಿ.

ನೀವು ಮಾತ್ರ ಕಲೆ ಎದ್ದು ಕಾಣದಂತೆ ಬೂಟಿನ ಮೈಗೆಲ್ಲ ಒದ್ದೆ ಬಟ್ಟೆ ಆಡಿಸಿ, ಒಳಗೆ ಪೇಪರ್ ತುರುಕಿ, ನೆರಳಲ್ಲೇ ಒಣಗಿಸಿ, ಆಮೇಲೆ ಎಣ್ಣೆ ಹಚ್ಚಿರಿ. ಮನೆಯಲ್ಲಿ ಇಂಥ ಅಜ್ಜಿ ಇದ್ದರೆ, ಒಣಗುವ ತನಕ ಪಕ್ಕದಲ್ಲೇ ಕಾವಲು ಕೂತಿರಿ.