ಜಿಂಕೆಗೆ ಹಾಸಿದ ಗರಿಕೆ

ಹಸುಗಳೆಲ್ಲ ಕಾಡು ಸೇರಿ, ಕಾಡುಪ್ರಾಣಿಗಳೆಲ್ಲ ತುಮಕೂರಿನ ಬಡಾವಣೆಗಳಲ್ಲಿ ಬಂದು ನೆಲೆಸಿದ ಮೇಲೆ ಗೃಹಪ್ರವೇಶದ ಶಾಸ್ತ್ರವೂ ಕೊಂಚ ಬದಲಾಗಿತ್ತು. ಹಸುವಿನ ಬದಲು ಯಾವ ಪ್ರಾಣಿ ಮೊದಲು ಹೊಸಿಲು ದಾಟುತ್ತದೋ ಅದು ಇನ್ನು ಮನೆಯವರಲ್ಲಿ ಒಬ್ಬರು. ಪಕ್ಕದ ಮನೆಯವರಿಗೆ ನವಿಲು ಒಲಿದಿತ್ತು. ಆ ಜಂಬ ನೋಡಲಾಗುತ್ತಿರಲಿಲ್ಲ. ಕಾತ್ಯಾಯಿನಿಗೆ ಜಿಂಕೆಯೇ ಬೇಕು. ಗೇಟಿನವರೆಗೂ ಗರಿಕೆ ಹಾಸಿ, ಆರತಿ ತಟ್ಟೆ ಹಿಡಿದು ತನ್ನ ಹೊಸ ಮನೆಯ ಬಾಗಿಲಲ್ಲಿ ಕಾಯುತ್ತಿದ್ದಳು.

ಬಂದದ್ದು ಕರಡಿ. ಗರಿಕೆಯನ್ನೆಲ್ಲ ತುಳಿದುಕೊಂಡು, ಬಹಳ ದಿನದ ಮೇಲೆ ತವರಿಗೆ ಬಂದ ಹಾಗೆ ಬಂತು.

"ಮುಹೂರ್ತ ಮೀರ್ತಾ ಇದೆ ಕಣಮ್ಮಾ, ಬಂದೋರನ್ನ ಕರ್ಕೊಳ್ಳಮ್ಮ," ಎಂದರು ಜೋಯಿಸರು, ಪಂಚಾಂಗದ ಮೇಲೆ ಮಲಗಿದ್ದ ಮುಂಗುಸಿಯನ್ನು ಸರಿಸುತ್ತಾ.

ಕಾತ್ಯಾಯಿನಿ ನಿಟ್ಟುಸಿರುಬಿಟ್ಟು ಆರತಿ ಎತ್ತಿದಳು. ಕರಡಿ ತಟ್ಟೆಯಲ್ಲಿದ್ದ ಬಾಳೆಹಣ್ಣನ್ನು ಸಿಪ್ಪೆ ಸಮೇತ ನುಂಗಿ, ಎಡಗಾಲು ಮುಂದಿಟ್ಟಿತು.

"ಏಯ್, ಬಲಗಾಲು! ಮನೇಲಿ ಯಾರೂ ಹೇಳ್ಕೊಟ್ಟಿಲ್ವಾ ನಿಂಗೆ?" ಎಂದು ಕಾತ್ಯಾಯಿನಿ ಗದರಿದಳು.

ಕರಡಿ ಕಕ್ಕಾಬಿಕ್ಕಿಯಾಯಿತು. ಹಿಂದೆ ಸರಿದು, ತನ್ನ ಕಾಲುಗಳನ್ನು ಒಂದೊಂದಾಗಿ ನೋಡಿಕೊಂಡು, ಎದ್ದು ನಿಂತು, ಹೊಸ ಸೊಸೆಗಿಂತ ಹೆಚ್ಚು ನಾಚಿಕೊಂಡು ಬಲಗಾಲಿಟ್ಟು ಒಳಗೆ ಹೋಯಿತು. ನೆಂಟರೆಲ್ಲ ಚಪ್ಪಾಳೆ ತಟ್ಟಿದರು. ಕಾಂಪೌಂಡಿನ ಮೇಲೆ ಕೂತಿದ್ದ ಕೋತಿಗಳೂ ತಟ್ಟಿದವು.

ಆಗ ಕಾತ್ಯಾಯಿನಿಗೆ, ಉಕ್ಕಿಸಲೆಂದು ಒಲೆಯ ಮೇಲೆ ಇಟ್ಟಿದ್ದ ಎಮ್ಮೆ ಹಾಲು ನೆನಪಾಯಿತು.

"ಅಯ್ಯೋ, ಹಾಲೆಲ್ಲ ಕುಡಿದ್ಬಿಡುತ್ತೆ ಕಣ್ರೀ!" ಎಂದು ಸೆರಗು ಸಿಕ್ಕಿಸಿಕೊಂಡು ಒಳಗೆ ನುಗ್ಗಹೋದಳು.

ಬಾಗಿಲಿಗೆ ಅಡ್ಡವಾಗಿ ದೊಡ್ಡದೊಂದು ಕಪ್ಪು ಕೈ ಬಂತು. ಕರಡಿ ಅವಳ ಪಾದವನ್ನೇ ದಿಟ್ಟಿಸಿ ಗುರ್ರೆಂದಿತು.

ಕಾತ್ಯಾಯಿನಿ ಬಗ್ಗಿ ನೋಡಿಕೊಂಡಳು. ಮುಂದಿದ್ದದ್ದು ಎಡಗಾಲು.